ಅಂಗಳದ ಅಡಿಕೆಗೆ ಹಸಿರು ಬಣ್ಣ ಸಾಲದು

ಕಾರ್ತಿಕ ಮುಗಿದು ಮಾರ್ಗಶಿರ ಕಾಲಿಡುವ ಹೊತ್ತಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಎಲ್ಲಿಗೆ ಹೋದರೂ ಒಂದೇ ಮಾತು. ಸಹಕಾರ ಸಂಘದ ಜಗುಲಿಯಲ್ಲಿ, ಅಡಿಕೆ ಮಂಡಿಯಲ್ಲಿ, ಬಸ್ಸು ಕಾಯುವ ಕಟ್ಟೆಯಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಸಹ ಮಳೆಯದೇ ವಿಚಾರ.

"ಏನ್ ಗೌಡ್ರೆ, ನಾಳೆ ಕೊನೆ ತೆಗಿಸ್ತೀರಾ?"

"ತೆಗಿಸೋಣ ಅಂತಿದ್ದೆ ಮಾರಾಯ್ರೆ. ಮಗನ ಮೊಬೈಲು ಗುರುವಾರ ಮಳೆ ಅಂತದೆ. ಕೊನೆಗಾರ ನೋಡಿದ್ರೆ ನಾಳೆ ಬಿಟ್ರೆ ಇನ್ನು ಎಂಟು ದಿನ ಸಿಗೋದಿಲ್ಲ ಅಂತಾನೆ."

"ಟಿ.ವಿ.ಯಲ್ಲಿ ನಮ್ಮ ಜಿಲ್ಲೆಗೆ ಹಸಿರು ಬಣ್ಣ ಹಾಕಿದ್ರಲ್ಲ? ಹಸಿರು ಅಂದ್ರೆ ಮಳೆ ಇಲ್ಲ ಅಂತ ತಾನೆ?"

"ಹೋದ ಸಲವೂ ಹಸಿರೇ ಇತ್ತು ಭಟ್ರೆ. ಬೇಯಿಸಿ ಹರಡಿದ ಅಡಿಕೆ ಎಲ್ಲ ನೆಂದು ಹೋಯ್ತು. ಇವರ ಮಾತು ನಂಬೋದೂ ಒಂದೇ, ಬಿಡೋದೂ ಒಂದೇ."

ಇಂಥ ಮಾತುಕತೆಯನ್ನು ನಾನು ಹಲವಾರು ಸಲ ಕೇಳಿದ್ದೇನೆ. ಕೆಲವು ಸಲ ನನ್ನನ್ನೇ ನಡುವೆ ಕೂರಿಸಿ ಪಂಚಾಯಿತಿ ಮಾಡಿದ್ದೂ ಉಂಟು. ಇಲ್ಲಿ ಮಾತನಾಡುವ ಯಾರೂ ಅಜ್ಞಾನಿಗಳಲ್ಲ. ಮುನ್ಸೂಚನೆ ಕೊಡುವವರೂ ಸುಳ್ಳು ಹೇಳುವವರಲ್ಲ. ಆದರೂ ಇಬ್ಬರ ನಡುವೆ ಒಂದು ಗಂಟು ಬಿದ್ದಿದೆ. ಆ ಗಂಟು ಯಾವುದು, ಅದನ್ನು ಬಿಡಿಸುವುದು ಹೇಗೆ ಎಂಬುದನ್ನು ಬೇಸಾಯಗಾರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೊಯ್ಲಿನ ಕಾಲದ ಮಳೆ

ಮುಂಗಾರಿನಲ್ಲಿ ಎಷ್ಟು ಸುರಿದರೂ ಮಲೆನಾಡಿನವರು ಹೆದರುವುದಿಲ್ಲ. ಕಂಬಳಿ, ಗೊರಬು ಹೊದ್ದು ನಾಟಿ ಮಾಡಿದ ಜನ ನಾವು. ನಮ್ಮನ್ನು ಹೆದರಿಸುವುದು ಆಷಾಢದ ಧಾರಾಕಾರ ಮಳೆಯಲ್ಲ, ಕೊಯ್ಲಿನ ಕಾಲದ ತುಂತುರು ಮಳೆ. ಹಿಮಾಚಲ ಪ್ರದೇಶ, ಕಾಶ್ಮೀರಗಳ ಸೇಬು ಬೆಳೆಗಾರರು ಚಳಿಗಾಲದ ಹಿಮವನ್ನು ಸ್ವಾಗತಿಸುತ್ತಾರೆ. ಗಿಡ ಹೂ ಬಿಟ್ಟ ಮೇಲೆ ಏಪ್ರಿಲ್‌ನಲ್ಲಿ ತಡವಾಗಿ ಬೀಳುವ ಹಿಮವನ್ನು ಕಂಡರೆ ನಡುಗುತ್ತಾರೆ. ಅವರಿಗೆ ಆ ಹಿಮ ಹೇಗೋ ನಮಗೆ ನವೆಂಬರ್, ಡಿಸೆಂಬರ್, ಜನವರಿಯ ಮಳೆ ಹಾಗೆ.

ಏಕೆಂದರೆ ಈ ಮೂರು ತಿಂಗಳಲ್ಲಿ ನಮ್ಮ ಮೂರು ಬೆಳೆಗಳೂ ಒಟ್ಟಿಗೆ ಬಯಲಿಗೆ ಬಿದ್ದಿರುತ್ತವೆ. ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲೋ ಅಟ್ಟದ ಮೇಲೋ ಇರುತ್ತದೆ. ಅದು ಚೆನ್ನಾಗಿ ಒಣಗಲು ಐದರಿಂದ ಏಳು ಒಳ್ಳೆಯ ಬಿಸಿಲು ಬೇಕು. ಗದ್ದೆಯಲ್ಲಿ ಕೊಯ್ದ ಬತ್ತ ಅರಿ ಅರಿಯಾಗಿ ಮಲಗಿರುತ್ತದೆ. ಅದಕ್ಕೂ ಕುತ್ರೆ ಹಾಕುವ ಮುನ್ನ ಮೂರು ನಾಲ್ಕು ಬಿಸಿಲು ಬೇಕು. ತೋಟದಲ್ಲಿ ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ, ಕಣದಲ್ಲಿ ಕೊಯ್ದ ಹಣ್ಣು ಒಣಗುತ್ತಿರುತ್ತದೆ. ಇಂಥ ಹೊತ್ತಿನಲ್ಲಿ ಎರಡು ದಿನ ಮೋಡ ಕವಿದು ಸ್ವಲ್ಪ ಹನಿದರೂ ಅಡಿಕೆಗೆ ಬೂಸು ಹಿಡಿದು ಬಣ್ಣ ಕೆಡುತ್ತದೆ, ಬತ್ತ ತೆನೆಯಲ್ಲೇ ಮೊಳೆಯುತ್ತದೆ, ಕಾಫಿ ಹಣ್ಣು ಬಿರಿದು ನೆಲಕ್ಕೆ ಬೀಳುತ್ತದೆ. ವರ್ಷವಿಡೀ ಗೊಬ್ಬರ ಹಾಕಿ, ಬೋರ್ಡೋ ದ್ರಾವಣ ಸಿಂಪಡಿಸಿ, ಕೊಳೆ ರೋಗದಿಂದ ಉಳಿಸಿಕೊಂಡ ಫಸಲು ಕೊನೆಯ ವಾರದಲ್ಲಿ ಕೈ ಬಿಡುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಹಳದಿ ಎಲೆ ರೋಗ, ಎಲೆ ಚುಕ್ಕೆ ರೋಗಗಳಿಂದ ಮೊದಲೇ ಇಳುವರಿ ಕಳೆದುಕೊಂಡಿರುವ ಈ ಮೂರು ತಾಲ್ಲೂಕಿನ ಸಣ್ಣ ತೋಟದವರಿಗೆ ಉಳಿದ ಅಡಿಕೆಯ ದರ್ಜೆಯೂ ಇಳಿದರೆ ಸಂಘದ ಸಾಲದ ಕಂತಿಗೇ ತೊಡಕು.

ಇದು ಎಂದೋ ಒಮ್ಮೆ ಆಗುವ ಮಾತಲ್ಲ. 2021ರ ಜನವರಿ ಮೊದಲ ವಾರದಲ್ಲಿ ಚಿಕ್ಕಮಗಳೂರು, ಹಾಸನ, ಕೊಡಗು ಜಿಲ್ಲೆಗಳಲ್ಲಿ ಕಾಫಿ ಕೊಯ್ಲಿನ ನಡುವೆ ಮಳೆ ಸುರಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ರಾಜ್ಯದ ಬಹುಭಾಗದಲ್ಲಿ ಬಿದ್ದ ಮಳೆ ಕೊಯ್ಲಿಗೆ ಬಂದ ಬತ್ತ, ರಾಗಿ, ಕಾಫಿಗಳನ್ನು ಹಾಳು ಮಾಡಿತು. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿತು. ಅಲ್ಲಿಂದ ಕೊಪ್ಪಕ್ಕೆ ನೇರ ದಾರಿಯಲ್ಲಿ ಸುಮಾರು 500 ಕಿ.ಮೀ. ದೂರ. ಆದರೂ ದುರ್ಬಲಗೊಂಡ ಆ ಚಂಡಮಾರುತದ ಶೇಷ ದಕ್ಷಿಣ ಒಳನಾಡನ್ನು ದಾಟಿ ಅರಬ್ಬೀ ಸಮುದ್ರದ ಕಡೆಗೆ ಸರಿಯುವಾಗ ಡಿಸೆಂಬರ್ 2 ಮತ್ತು 3ರಂದು ಮಲೆನಾಡು, ಕರಾವಳಿಗಳಿಗೂ ಮಳೆ ತಂದಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿ ನಮ್ಮ ಅಂಗಳದ ಅಡಿಕೆಯನ್ನು ನೆನೆಸಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಾನು ಮಾಡಿದ ತಪ್ಪು

ಸುಮಾರು 15 ವರ್ಷಗಳ ಹಿಂದಿನ ಮಾತು. ಆಗ ನಾನು ಕೆಲಸಕ್ಕೆ ಹೊಸಬ. ನರಸಿಂಹರಾಜಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬತ್ತದ ಕೊಯ್ಲಿನ ಬಗ್ಗೆ ತರಬೇತಿ ಇಟ್ಟುಕೊಂಡಿದ್ದೆವು. ಆ ದಿನಗಳಲ್ಲಿ ಐದು ದಿನಗಳ ಹವಾಮುನ್ಸೂಚನೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲಾವಾರು ಬರುತ್ತಿತ್ತು. ಆ ಹಾಳೆ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಮೂರನೆಯ ದಿನದ ಎದುರಿಗೆ "ಒಂದೆರಡು ಕಡೆ ಹಗುರ ಮಳೆ" ಎಂಬ ಸಾಲು ಇತ್ತು. ಹಗುರ ಮಳೆ ತಾನೆ, ಅದೂ ಒಂದೆರಡು ಕಡೆ ತಾನೆ ಎಂದು ಅದನ್ನು ಓದದೆ ಬಿಟ್ಟೆ. "ಹವಾಮಾನ ಅನುಕೂಲವಾಗಿದೆ, ಕೊಯ್ಲಿಗೆ ತೊಂದರೆಯಿಲ್ಲ" ಎಂದು ಹೇಳಿ ಬಂದೆ.

ಮೂರನೆಯ ದಿನ ಸಂಜೆ ಮಳೆ ಬಂತು. ಮರುದಿನವೂ ಬಿಸಿಲು ಬರಲಿಲ್ಲ. ವಾರದ ನಂತರ ನಾನು ಆ ಹಳ್ಳಿಗೆ ಹೋದಾಗ, ಒಂದೂವರೆ ಎಕರೆ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಹಿರಿಯ ಹೆಂಗಸೊಬ್ಬರು ಮೊಳಕೆ ಬಂದ ತೆನೆಯನ್ನು ತಂದು ನನ್ನ ಮುಂದಿಟ್ಟರು. ಬೈಯಲಿಲ್ಲ. "ನೀವು ಹೇಳಿದ್ರಿ ಅಂತ ಕೊಯ್ದೆ ಸಾರ್. ಮಳೆಗೆ ಯಾರು ಹೇಳ್ಬೇಕು?" ಎಂದಷ್ಟೇ ಹೇಳಿ ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಆ ದಿನ ಮುನ್ಸೂಚನೆ ತಪ್ಪಿರಲಿಲ್ಲ. ಹಾಳೆಯಲ್ಲಿ ಬರೆದಂತೆಯೇ ಒಂದೆರಡು ಕಡೆ ಹಗುರ ಮಳೆ ಬಂದಿತ್ತು. ತಪ್ಪಿದ್ದು ನಾನು. ಇಲಾಖೆಯವರ ಲೆಕ್ಕದಲ್ಲಿ ಹಗುರವಾದದ್ದು ಆಕೆಯ ಗದ್ದೆಗೂ ಹಗುರ ಎಂದು ತಿಳಿದೆ. ನಮ್ಮ ಜಗುಲಿಯ ಮಾತುಕತೆಗಳಲ್ಲಿ ಬಿದ್ದಿರುವ ಗಂಟು ಇದೇ.

ಮುನ್ಸೂಚನೆಯ ಮಾತಿಗೆ ಅರ್ಥವೇನು?

ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಯಿತು. ರೈತರಿಗಾಗಿಯೇ ಹವಾಮಾನ ವರದಿಯನ್ನು ರೇಡಿಯೋ ಮೂಲಕ ಬಿತ್ತರಿಸುವ ಕೆಲಸ 1945ರಿಂದ ನಡೆದಿದೆ. ಇಲಾಖೆ ಬಳಸುವ ಪ್ರತಿಯೊಂದು ಮಾತಿಗೂ ಅಳತೆಯಿದೆ. ಅದನ್ನು ತಿಳಿಯದೆ ಮುನ್ಸೂಚನೆಯನ್ನು ಓದುವುದು ಕೊಳಗದ ಅಳತೆ ತಿಳಿಯದೆ ಬತ್ತ ಮಾರಿದಂತೆ.

24 ಗಂಟೆಗಳಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಅದು ಹಗುರ ಮಳೆ. 15.6ರಿಂದ 64.4 ಮಿ.ಮೀ. ವರೆಗೆ ಸಾಧಾರಣ. 64.5ರಿಂದ 115.5 ಮಿ.ಮೀ. ವರೆಗೆ ಭಾರಿ. 115.6ರಿಂದ 204.4 ಮಿ.ಮೀ. ವರೆಗೆ ಅತಿ ಭಾರಿ. ಅದಕ್ಕೂ ಮೀರಿದರೆ ಅತ್ಯಂತ ಭಾರಿ. ನಮ್ಮ ಕಾಫಿ ತೋಟದವರು ಮಳೆಯನ್ನು ಇಂಚು, ಸೆಂಟುಗಳಲ್ಲಿ ಬರೆದಿಡುವುದು ವಾಡಿಕೆ. ಆ ಲೆಕ್ಕಕ್ಕೆ 2.5 ಮಿ.ಮೀ. ಎಂದರೆ ಸುಮಾರು 10 ಸೆಂಟು, 15.5 ಮಿ.ಮೀ. ಎಂದರೆ ಸುಮಾರು 60 ಸೆಂಟು. ಅಂದರೆ ಅರ್ಧ ಇಂಚಿಗೂ ಮೀರಿದ ಮಳೆ ಇಲಾಖೆಯ ಪಟ್ಟಿಯಲ್ಲಿ ಇನ್ನೂ "ಹಗುರ"! ಅರ್ಧ ಇಂಚು ಮಳೆ ಬಿದ್ದ ಅಂಗಳದಲ್ಲಿ ಬೇಯಿಸಿದ ಅಡಿಕೆಯ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ.

ಇನ್ನು "ಎಲ್ಲಿ" ಎಂಬ ಮಾತು. ಒಂದು ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರ ವರೆಗೆ ಮಳೆ ಬಂದರೆ "ಒಂದೆರಡು ಕಡೆ", 26ರಿಂದ 50ರ ವರೆಗೆ "ಕೆಲವು ಕಡೆ", 51ರಿಂದ 75ರ ವರೆಗೆ "ಹಲವು ಕಡೆ", ಅದಕ್ಕೂ ಹೆಚ್ಚಾದರೆ "ಬಹುತೇಕ ಎಲ್ಲ ಕಡೆ". "ಒಂದೆರಡು ಕಡೆ" ಎಂದ ದಿನ ಬೇಗಾರಿನಲ್ಲಿ ಮಳೆ ಬಂದು ಜಯಪುರದಲ್ಲಿ ಬಿಸಿಲು ಕಾದರೆ ಮುನ್ಸೂಚನೆ ಸುಳ್ಳಾಗಲಿಲ್ಲ. ಅದು ನಿಜವಾಗುವ ಬಗೆಯೇ ಹಾಗೆ.

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಬಣ್ಣಗಳ ವಿಷಯದಲ್ಲಿ. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳು ಮಳೆ ಬರುತ್ತದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಜನರ ಪ್ರಾಣಕ್ಕೆ, ಮನೆಮಾರಿಗೆ, ರಸ್ತೆ ಸೇತುವೆಗಳಿಗೆ ಅಪಾಯವಿದೆಯೇ ಎಂಬುದನ್ನು ಹೇಳುತ್ತವೆ. ಹಸಿರು ಎಂದರೆ "ಎಚ್ಚರಿಕೆ ಕೊಡುವಂಥದ್ದೇನೂ ಇಲ್ಲ" ಎಂದಷ್ಟೇ ಅರ್ಥ. ಹಸಿರು ಬಣ್ಣದ ದಿನ 10 ಮಿ.ಮೀ. ಮಳೆ ಬರಬಹುದು. ಆ ಮಳೆಗೆ ಹಳ್ಳ ಉಕ್ಕುವುದಿಲ್ಲ, ಗುಡ್ಡ ಕುಸಿಯುವುದಿಲ್ಲ, ಶಾಲೆಗೆ ರಜೆ ಕೊಡಬೇಕಾಗಿಲ್ಲ. ಆದರೆ ಅಂಗಳದ ಅಡಿಕೆ ನೆನೆಯುತ್ತದೆ. ಜುಲೈ ತಿಂಗಳಲ್ಲಿ ತುಂಗೆಯ ದಡದವರನ್ನು ಕಾಯುವ ಅಳತೆಗೋಲನ್ನೇ ಡಿಸೆಂಬರ್‌ನಲ್ಲಿ ಅಡಿಕೆ ಒಣಗಿಸುವವರ ಕೈಗೆ ಕೊಟ್ಟಿದ್ದೇವೆ. ಕೋಲು ಸರಿಯಾಗಿಯೇ ಇದೆ, ಅಳೆಯಬೇಕಾದ ವಸ್ತು ಬೇರೆ.

ಒಂದೇ ಜಿಲ್ಲೆ, ಹಲವು ಮಳೆ

ಮತ್ತೊಂದು ತೊಡಕನ್ನು ಗಮನಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಅದಕ್ಕೆ ಹತ್ತಿರದ ಶೃಂಗೇರಿ ತಾಲ್ಲೂಕಿನ ವಾಡಿಕೆ ಮಳೆ 3500 ಮಿ.ಮೀ.ಗೂ ಹೆಚ್ಚು. ಕೊಪ್ಪವನ್ನು ದಾಟಿ, ಭದ್ರಾ ಹಿನ್ನೀರಿನ ಕಡೆ ನರಸಿಂಹರಾಜಪುರಕ್ಕೆ ಇಳಿಯುವ ಹೊತ್ತಿಗೆ ಅದು ಸುಮಾರು ಅರ್ಧಕ್ಕೆ ಬರುತ್ತದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಕಡೂರಿನಲ್ಲಿ ಆರೇಳು ನೂರು ಮಿ.ಮೀ. ಮಾತ್ರ. ಹೀಗಿರುವಾಗ "ಚಿಕ್ಕಮಗಳೂರು ಜಿಲ್ಲೆಯಲ್ಲಿ ಕೆಲವು ಕಡೆ ಮಳೆ" ಎಂದರೆ ಬಸರೀಕಟ್ಟೆಯ ಬೆಳೆಗಾರ ಅದರಿಂದ ಏನು ತಿಳಿಯಬೇಕು?

ಈ ದಿಕ್ಕಿನಲ್ಲಿ ಕೆಲಸ ನಡೆದಿಲ್ಲವೆಂದಲ್ಲ. 2025ರ ಮೇ 26ರಂದು ಹವಾಮಾನ ಇಲಾಖೆ ಜಾರಿಗೆ ತಂದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಭೂಮಿಯನ್ನು 6 ಕಿ.ಮೀ. ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತಾರೆ. ಅದಕ್ಕೂ ಮೊದಲು ಇದು 12 ಕಿ.ಮೀ. ಇತ್ತು. ಇದು ದೊಡ್ಡ ಸುಧಾರಣೆಯೇ ಸರಿ. ಆದರೆ ನಮ್ಮ ಕಡೆ 6 ಕಿ.ಮೀ. ಒಳಗೆ ಎರಡು ಗುಡ್ಡ, ಒಂದು ಕಣಿವೆ, ಒಂದು ಹೊಳೆ ಬಂದು ಹೋಗುತ್ತವೆ. ಗುಡ್ಡದ ಈಚೆ ಬಿದ್ದ ಮಳೆ ಆಚೆ ಬೀಳುವುದಿಲ್ಲ.

ಇಲ್ಲಿ ಬೇಸಾಯಗಾರರು ಎರಡು ಬಗೆಯ ಮಳೆಯನ್ನು ಬೇರೆ ಬೇರೆಯಾಗಿ ನೋಡಬೇಕು. ಹಗಲಿನ ಕಾವಿಗೆ ಮೋಡ ಕಟ್ಟಿ ಸಂಜೆ ಗುಡುಗಿ ಬರುವ ಮಳೆ ಒಂದು ಬಗೆ. ಚಿತ್ತೆ, ಸ್ವಾತಿ ಕಾಲದಲ್ಲಿ ಇದು ಹೆಚ್ಚು. ಇದು ಯಾವ ಊರಿನ ಮೇಲೆ ಸುರಿಯುವುದೆಂದು ಮೂರು ದಿನ ಮೊದಲು ಯಾರಿಂದಲೂ ಹೇಳಲಾಗದು. ಕೆಲವೇ ಗಂಟೆ ಮೊದಲು ತಿಳಿದರೆ ಅದೇ ಭಾಗ್ಯ. ಬಂಗಾಳ ಕೊಲ್ಲಿ ಅಥವಾ ಅರಬ್ಬೀ ಸಮುದ್ರದ ವಾಯುಭಾರ ಕುಸಿತದಿಂದ ಬರುವ ಮಳೆ ಎರಡನೆಯ ಬಗೆ. ಇದು ದೂರದಿಂದ ನಡೆದು ಬರುತ್ತದೆ. ಉಪಗ್ರಹದ ಕಣ್ಣಿಗೆ ಬೀಳುತ್ತದೆ. ಮೂರರಿಂದ ಐದು ದಿನ ಮೊದಲೇ ಸುಳಿವು ಸಿಗುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ನಮ್ಮನ್ನು ದಿನಗಟ್ಟಲೆ ಕಾಡುವುದು ಹೆಚ್ಚಾಗಿ ಈ ಎರಡನೆಯ ಬಗೆ. ಆದ್ದರಿಂದ "ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂಬ ಸುದ್ದಿ ಕಿವಿಗೆ ಬಿದ್ದ ದಿನದಿಂದ ಬೆಳಿಗ್ಗೆ ಸಂಜೆ ಮುನ್ಸೂಚನೆ ನೋಡಬೇಕು. ಹಾಗೆಯೇ ಹಳೆಯ ಮುನ್ಸೂಚನೆಯನ್ನು ನಂಬಿ ಕೂರಬಾರದು. ಸೋಮವಾರ ನೋಡಿದ ಗುರುವಾರದ ಮಾತಿಗಿಂತ ಬುಧವಾರ ನೋಡಿದ ಗುರುವಾರದ ಮಾತು ಹೆಚ್ಚು ಗಟ್ಟಿ.

ಪಂಚಾಂಗ, ಅನುಭವ, ಮೊಬೈಲು

ಮಳೆ ನಕ್ಷತ್ರದ ಲೆಕ್ಕವನ್ನು ಹಳೆಯದೆಂದು ಹಾಸ್ಯ ಮಾಡುವವರ ಗುಂಪಿಗೆ ನಾನು ಸೇರಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಸುಮಾರು ಹದಿಮೂರೂವರೆ ದಿನ ಇರುತ್ತಾನೆ. ಆ ಅವಧಿಗಳನ್ನು ಹಿಡಿದು ನಮ್ಮ ಹಿರಿಯರು ತಲೆತಲಾಂತರದ ಮಳೆಯ ನೆನಪನ್ನು ಮಾತಿನಲ್ಲಿ ಕಟ್ಟಿಟ್ಟರು. ಇಂಥ ಕಾಲದಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ ಎಂದು ಅದು ಹೇಳುತ್ತದೆ. ಈ ವರ್ಷದ ಈ ಗುರುವಾರ ಏನಾಗುತ್ತದೆ ಎಂದು ಹೇಳಲು ಅದಕ್ಕೆ ಸಾಧ್ಯವಿಲ್ಲ. ಮೇಲಾಗಿ ನಕ್ಷತ್ರದ ಲೆಕ್ಕ ಋತುಮಾನದ ಲೆಕ್ಕಕ್ಕಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸರಿಯುತ್ತಾ ಬಂದಿದೆ. ಸಾವಿರ ವರ್ಷದಲ್ಲಿ ಒಂದು ಇಡೀ ನಕ್ಷತ್ರದಷ್ಟು ವ್ಯತ್ಯಾಸ. ಆದ್ದರಿಂದ ವರ್ಷದ ಕೆಲಸದ ಹೊಂದಾಣಿಕೆಗೆ ನಕ್ಷತ್ರ, ವಾರದ ಕೆಲಸಕ್ಕೆ ಮುನ್ಸೂಚನೆ, ಆ ದಿನದ ಕೆಲಸಕ್ಕೆ ಸ್ವಂತ ಕಣ್ಣು ಎಂದು ಹಂಚಿಕೊಳ್ಳುವುದು ಉಚಿತ. ಮೂರಕ್ಕೂ ಜಗಳವಿಲ್ಲ. ಮಳೆ ಬರಲೆಂದೂ ನಿಲ್ಲಲೆಂದೂ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಹರಕೆ ಹೊತ್ತು ಬಂದವರೂ ಮನೆಗೆ ಬಂದ ಮೇಲೆ ಅಡಿಕೆಯ ಮೇಲೆ ತಾಡಪಾಲು ಹೊದಿಸುತ್ತಾರೆ. ಅದು ವಿವೇಕ.

ಮೊಬೈಲಿನ ಬಗ್ಗೆ ಒಂದು ಎಚ್ಚರಿಕೆಯ ಮಾತು. ಯಾವ ದೇಶದಲ್ಲೋ ಸಿದ್ಧವಾದ ಲೆಕ್ಕವನ್ನು ಯಂತ್ರವೇ ನಮ್ಮ ಊರಿನ ಹೆಸರಿಗೆ ಅಂಟಿಸಿ "ಮಧ್ಯಾಹ್ನ 3ಕ್ಕೆ ಮಳೆ" ಎಂದು ತೋರಿಸುತ್ತದೆ. ಗಂಟೆ ಹೇಳಿದ ಮಾತ್ರಕ್ಕೆ ಅದು ಖಚಿತವೆಂದು ತಿಳಿಯಬಾರದು. ಹವಾಮಾನ ಇಲಾಖೆಯ ಮುನ್ಸೂಚನೆ, 2019ರಲ್ಲಿ ಬಂದ "ಮೇಘದೂತ್" ಮೊಬೈಲ್ ಸೇವೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ "ವರುಣಮಿತ್ರ" ದೂರವಾಣಿ ಸೇವೆ ಇವುಗಳನ್ನು ಮೊದಲು ನೋಡಬೇಕು. ಈ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿರುವುದರಿಂದ ನೆರೆಯ ಪಂಚಾಯಿತಿಯಲ್ಲಿ ಮಳೆ ಎಷ್ಟು ಬಿತ್ತೆಂಬುದನ್ನೂ ತಿಳಿಯಬಹುದು.

"ಬರುತ್ತದೆಯೇ?" ಎಂದು ಕೇಳಬೇಡಿ

ಜಗುಲಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆ "ಮಳೆ ಬರುತ್ತದೆಯೇ?" ಎಂಬುದು. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆ ಇದೆ. "ಬಂದರೆ ನನಗೆಷ್ಟು ನಷ್ಟ? ತಡೆಯಲು ನನಗೆಷ್ಟು ಖರ್ಚು?" ಇದೊಂದನ್ನು ಮನೆಯಲ್ಲಿ ಕುಳಿತು ಲೆಕ್ಕ ಹಾಕಿದರೆ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಲೆಕ್ಕಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಅಂಗಳದಲ್ಲಿ ಹರಡಿದ ಅಡಿಕೆ ನೆಂದರೆ ದರ್ಜೆ ಇಳಿದು 20,000 ರೂ. ನಷ್ಟವೆಂದಿರಲಿ. ಅದನ್ನು ತುಂಬಿ ಒಳಗೆ ಹಾಕಿ, ಒಣಗಿಸುವ ಗೂಡಿಗೆ ಸೌದೆ ಉರಿಸಿ, ಆಳು ಕೂಲಿ ಕೊಟ್ಟು ಕಾಪಾಡಲು 4,000 ರೂ. ಖರ್ಚೆಂದಿರಲಿ. 4,000 ಎಂಬುದು 20,000ದ ಐದನೆಯ ಒಂದು ಪಾಲು. ಹಾಗಾದರೆ ಇಂಥದೇ ಮುನ್ಸೂಚನೆಯಿದ್ದ ಹತ್ತು ಸಂದರ್ಭಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಮಳೆ ಬರುವಂತಿದ್ದರೆ ಕಾಪಾಡುವುದೇ ಲಾಭ. ಹತ್ತರಲ್ಲಿ ನಾಲ್ಕು ಸಲ ಬಂತೆನ್ನಿ. ಹತ್ತು ಸಲವೂ ಕಾಪಾಡಿದವನ ಖರ್ಚು 40,000 ರೂ. ಒಮ್ಮೆಯೂ ಕಾಪಾಡದವನ ನಷ್ಟ 80,000 ರೂ. ಗಮನಿಸಿ, ಕಾಪಾಡಿದವನ ಪಾಲಿಗೆ ಆರು ಸಲ "ಮುನ್ಸೂಚನೆ ಸುಳ್ಳಾಯಿತು." ಆದರೂ ಗೆದ್ದವನು ಅವನೇ.

ಆರು ಸಲದ ಸುಳ್ಳು ನೆನಪಿನಲ್ಲಿ ಉಳಿಯುತ್ತದೆ, ನಾಲ್ಕು ಸಲ ಉಳಿದ ಹಣ ಮರೆತುಹೋಗುತ್ತದೆ. "ಇವರ ಮಾತು ನಂಬೋದೂ ಒಂದೇ, ಬಿಡೋದೂ ಒಂದೇ" ಎಂಬ ಬೇಸರದ ಮಾತು ಹುಟ್ಟುವುದು ಇಲ್ಲಿಂದ.

ಎಲ್ಲ ಬೆಳೆಗೂ ಒಂದೇ ಲೆಕ್ಕವಲ್ಲ. ಕೊನೆಯನ್ನು ತೆಗೆಯದೆ ಮರದಲ್ಲೇ ಬಿಟ್ಟರೆ ಮಳೆಯಿಂದ ಅಡಿಕೆ ಉಳಿಯಬಹುದು. ಆದರೆ ಎಂಟು ಹತ್ತು ದಿನ ತಡವಾದರೆ ಕಾಯಿ ಬಲಿತು, ರಾಶಿ ಇಡಿ ಆಗಬೇಕಾದದ್ದು ಗೋಟಿನ ಕಡೆ ಸರಿಯುತ್ತದೆ. ಕೊನೆಗಾರನೂ ಕೈ ತಪ್ಪುತ್ತಾನೆ. ಕಾಯುವುದಕ್ಕೂ ಬೆಲೆಯಿದೆ ಎಂಬುದನ್ನು ಮರೆಯಬಾರದು. ಬತ್ತವನ್ನಾದರೋ ನಾಲ್ಕು ದಿನ ಕೊಯ್ಯದೆ ನಿಲ್ಲಿಸಬಹುದು. ನಿಂತ ತೆನೆ ಮಲಗಿದ ತೆನೆಯಷ್ಟು ಬೇಗ ಮೊಳೆಯುವುದಿಲ್ಲ. ಕಾಫಿಯ ಲೆಕ್ಕ ಮತ್ತೂ ವಿಚಿತ್ರ. ಕೊಯ್ಲಿನಲ್ಲಿ ಬೇಡವಾದ ಅದೇ ಮಳೆ ಫೆಬ್ರುವರಿ, ಮಾರ್ಚ್ ಬಂದ ಮೇಲೆ ಹೂಮಳೆಯಾಗಿ ಬೇಕೇ ಬೇಕು. ಆಗ ಒಂದು ಇಂಚು, ಒಂದೂವರೆ ಇಂಚು ಬಿದ್ದರೆ ಹಬ್ಬ. ಅರೆಬರೆ ಬಿದ್ದರೆ ಮೊಗ್ಗು ಪೂರ್ತಿ ಅರಳದೆ ಕೆಡುತ್ತದೆ. ಅಲ್ಲಿ ಹಗುರ ಮಳೆಯೇ ಭಾರಿ ಮಳೆಗಿಂತ ಹೆಚ್ಚು ಅಪಾಯ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಸಂಸ್ಥೆ ನಮ್ಮ ನೆರೆಯಲ್ಲೇ ಇರುವುದರಿಂದ ಈ ವಿಷಯದಲ್ಲಿ ಬೆಳೆಗಾರರು ಅಲ್ಲಿನ ಸಲಹೆ ಪಡೆಯಬಹುದು.

ಊರಿಗೊಂದು ಮಳೆಮಾಪಕ, ಒಂದು ಪುಸ್ತಕ

ಮೇಲಿನ ಲೆಕ್ಕಕ್ಕೆ ಮುಖ್ಯವಾಗಿ ಬೇಕಾದದ್ದು ನಮ್ಮ ಊರಿನಲ್ಲಿ ಹತ್ತಕ್ಕೆ ಎಷ್ಟು ಸಲ ಮುನ್ಸೂಚನೆಯಂತೆ ಮಳೆ ಬರುತ್ತದೆ ಎಂಬ ಅಂಕಿ. ಇದನ್ನು ಬೆಂಗಳೂರಿನವರಾಗಲಿ ದೆಹಲಿಯವರಾಗಲಿ ಕೊಡಲಾರರು. ನಾವೇ ಬರೆದಿಡಬೇಕು. ಹೆಚ್ಚಿನ ಖರ್ಚಿಲ್ಲ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿ, ಒಂದು ಅಳತೆ ಪಟ್ಟಿ, ಒಂದು ನೋಟ್ ಪುಸ್ತಕ ಸಾಕು. ಮರ, ಮಾಡುಗಳಿಂದ ದೂರದಲ್ಲಿ ಬಯಲಿನಲ್ಲಿ ಡಬ್ಬಿಯನ್ನು ಅಲುಗದಂತೆ ನಿಲ್ಲಿಸಬೇಕು. ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಪ್ರಮಾಣ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಚೆಲ್ಲಬೇಕು. ಇಲಾಖೆಯ ದಿನ ಆರಂಭವಾಗುವುದೂ ಮುಗಿಯುವುದೂ ಬೆಳಿಗ್ಗೆ 8.30ಕ್ಕೆ. ನಿನ್ನೆ ಸಂಜೆಯ ಮಳೆ ಇಂದಿನ ತಾರೀಖಿನಲ್ಲಿ ದಾಖಲಾಗುವುದು ಇದರಿಂದಲೇ.

ಪುಸ್ತಕದಲ್ಲಿ ನಾಲ್ಕು ಕಲಮು ಹಾಕಿ. ತಾರೀಖು, ಹಿಂದಿನ ದಿನ ಹೇಳಿದ ಮುನ್ಸೂಚನೆ, ಮೂರು ದಿನ ಮೊದಲು ಹೇಳಿದ ಮುನ್ಸೂಚನೆ, ಬಿದ್ದ ಮಳೆ. ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಬರೆದರೆ ಸಾಕು. ಎರಡು ಮೂರು ಹಂಗಾಮು ಕಳೆಯುವಷ್ಟರಲ್ಲಿ ಆ ಪುಸ್ತಕ ಊರಿನ ಆಸ್ತಿಯಾಗುತ್ತದೆ. ಜಗುಲಿಯ ವಾದ ಆಗಲೂ ನಡೆಯಲಿ. ನಡುವೆ ಪುಸ್ತಕ ತೆರೆದಿಟ್ಟು ನಡೆಯಲಿ. ಈ ಕೆಲಸವನ್ನು ಸಹಕಾರ ಸಂಘದ ಗುಮಾಸ್ತರಿಗೋ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರಿಗೋ ಒಪ್ಪಿಸಿದರೆ ತಪ್ಪದೆ ನಡೆದೀತು.

ನಮ್ಮ ಕಡೆಯಿಂದ ಆಗಬೇಕಾದದ್ದು

ಬೇಸಾಯಗಾರರಿಗೆ ಬುದ್ಧಿ ಹೇಳಿ ನಾವು ವಿಜ್ಞಾನಿಗಳು ಕೈ ತೊಳೆದುಕೊಳ್ಳುವಂತಿಲ್ಲ. ಹವಾಮಾನ ಇಲಾಖೆ, ಕೃಷಿ ವಿಶ್ವವಿದ್ಯಾನಿಲಯಗಳು, ತೋಟಗಾರಿಕೆ ಮತ್ತು ಕೃಷಿ ಇಲಾಖೆಗಳು ಸೇರಿ ಮಾಡಬೇಕಾದ ಕೆಲಸಗಳಿವೆ.

ಮೊದಲನೆಯದಾಗಿ, ನವೆಂಬರ್‌ನಿಂದ ಜನವರಿವರೆಗೆ ಮಲೆನಾಡಿಗೆ "ಒಣ ದಿನಗಳ ಮುನ್ಸೂಚನೆ" ಕೊಡಬೇಕು. ನಮಗೆ ಬೇಕಾದದ್ದು ಭಾರಿ ಮಳೆಯ ಎಚ್ಚರಿಕೆ ಮಾತ್ರವಲ್ಲ. ಮುಂದಿನ ಐದಾರು ದಿನ 2.5 ಮಿ.ಮೀ.ಗಿಂತ ಕಡಿಮೆ ಮಳೆಯಿರುವ ಸಂಭವ ಹತ್ತಕ್ಕೆ ಎಷ್ಟು, ಬಿಸಿಲು ಎಷ್ಟು ಗಂಟೆ ಸಿಗಬಹುದು, ಗಾಳಿಯಲ್ಲಿ ತೇವ ಎಷ್ಟಿರುತ್ತದೆ ಎಂಬುದು ಬೇಕು. ಎರಡನೆಯದಾಗಿ, ಜಿಲ್ಲೆಯ ಲೆಕ್ಕ ಬಿಟ್ಟು ಮಳೆಯ ಪಟ್ಟಿಗಳ ಲೆಕ್ಕದಲ್ಲಿ ಹೇಳಬೇಕು. ಶೃಂಗೇರಿ ಮತ್ತು ಕಡೂರು ಒಂದೇ ಸಾಲಿನಲ್ಲಿ ಬರಬಾರದು. ಮೂರನೆಯದಾಗಿ, ಹಸಿರು ಬಣ್ಣ ತೋರಿಸುವಾಗಲೆಲ್ಲ "ಹಗುರ ಮಳೆಯ ಸಂಭವವಿದೆ" ಅಥವಾ "ಇಲ್ಲ" ಎಂಬ ಒಂದು ಮಾತನ್ನು ಜೊತೆಗೆ ಬರೆಯಬೇಕು. ಖರ್ಚಿಲ್ಲದ ಈ ಒಂದು ಸಾಲು ಎಷ್ಟೋ ಅಂಗಳಗಳನ್ನು ಉಳಿಸೀತು. ನಾಲ್ಕನೆಯದಾಗಿ, ಸಣ್ಣ ಹಿಡುವಳಿದಾರರಿಗೆ ಒಬ್ಬೊಬ್ಬರಿಗೂ ಒಣಗಿಸುವ ಮನೆ ಕಟ್ಟಿಸುವುದು ಕಷ್ಟ. ಹತ್ತು ಹದಿನೈದು ಮನೆ ಸೇರಿ ಬಳಸುವಂಥ, ಪಾರದರ್ಶಕ ಹಾಳೆಯ ಮಾಡಿರುವ ಒಣಗಿಸುವ ಮನೆಯನ್ನೋ ಸೌದೆಯ ಗೂಡನ್ನೋ ಸಹಕಾರ ಸಂಘಗಳ ಮೂಲಕ ಕಟ್ಟಿಸುವುದು ಸೂಕ್ತ. ಎಂಥ ಒಳ್ಳೆಯ ಮುನ್ಸೂಚನೆಯಾದರೂ ಅಡಿಕೆಯನ್ನು ಎತ್ತಿಡಲು ಜಾಗವಿಲ್ಲದವನಿಗೆ ಅದು ಚಿಂತೆಯನ್ನು ಎರಡು ದಿನ ಮೊದಲು ತಂದುಕೊಡುತ್ತದೆ, ಅಷ್ಟೇ.

ಈ ಕೊನೆಯ ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ತೋಟ, ಕಣ, ಗೂಡು, ತಾಡಪಾಲು, ಆಳು ಎಲ್ಲ ಇರುವವನಿಗೆ ಮುನ್ಸೂಚನೆ ಒಂದು ಸಾಧನ. ಏನೂ ಇಲ್ಲದವನಿಗೆ ಅದು ಬರೀ ಸುದ್ದಿ. ನಾನು ಕಂಡ ಆ ಗೇಣಿ ಗದ್ದೆಯ ತಾಯಿಗೆ ಮೂರನೆಯ ದಿನದ ಸಾಲನ್ನು ಓದಿ ಹೇಳಿದ್ದರೆ ಆಕೆ ಎರಡು ದಿನ ಕೊಯ್ಲು ನಿಲ್ಲಿಸುತ್ತಿದ್ದರು. ಅದಕ್ಕೆ ಕಾಸೂ ಬೇಕಿರಲಿಲ್ಲ. ಹೇಳುವವನು ಪೂರ್ತಿ ಹೇಳಬೇಕಿತ್ತು.

ಅಂದಿನಿಂದ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರಾದರೂ ಮಳೆಯ ಬಗ್ಗೆ ಕೇಳಿದರೆ "ತೊಂದರೆಯಿಲ್ಲ" ಎಂಬ ಮಾತನ್ನು ಬಳಸುವುದಿಲ್ಲ. ಐದು ದಿನದ ಮುನ್ಸೂಚನೆಯನ್ನು ಇದ್ದಂತೆ ಓದಿ, "ನಿಮ್ಮ ಅಂಗಳದಲ್ಲಿ ಈಗ ಏನಿದೆ?" ಎಂದು ಕೇಳುತ್ತೇನೆ. ತೊಂದರೆ ಇದೆಯೋ ಇಲ್ಲವೋ ಎಂಬುದು ಆ ಉತ್ತರದ ಮೇಲೆ ನಿಂತಿದೆ.

ರೈತ ಬಾಂಧವರು ಸಹ ಮುಂದಿನ ಹಂಗಾಮಿನಲ್ಲಿ ಜಗುಲಿಯ ಮೇಲೆ ಕುಳಿತಾಗ ಬಣ್ಣವನ್ನಷ್ಟೇ ನೋಡಿ ಏಳಬಾರದು. ಎಷ್ಟು ಮಿ.ಮೀ., ಎಷ್ಟು ಕಡೆ, ಯಾವ ದಿನ ಎಂಬ ಮೂರನ್ನೂ ಕೇಳಿ, ತಮ್ಮ ನಷ್ಟ ಖರ್ಚುಗಳನ್ನು ತೂಗಿ ನೋಡಿ, ಆಮೇಲೆ ಕೊನೆಗಾರನಿಗೆ ಹೇಳಿ ಕಳಿಸಬೇಕು. ಮಳೆಯನ್ನು ತಡೆಯುವ ವಿದ್ಯೆ ಯಾರಲ್ಲೂ ಇಲ್ಲ. ನೆನೆಯುವ ಮೊದಲು ಎತ್ತಿಡುವ ವಿದ್ಯೆಯನ್ನು ನಾವೆಲ್ಲರೂ ಕಲಿಯಬಹುದು.